ದಾಗಿನಕಟ್ಟೆಯ ಬೂದಿ

ಬಾಲಿ ದ್ವೀಪದ ಬಾತೂರ್ ಬೆಟ್ಟದ ಬುಡದಿಂದ ಹೊರಟಾಗ ಬೆಳಗಿನ ಜಾವ ನಾಲ್ಕು ಗಂಟೆ. ಮುಂದೆ ಗೈಡ್, ಹಿಂದೆ ಹಣೆಗೆ ಟಾರ್ಚ್ ಕಟ್ಟಿಕೊಂಡ ನಾವು ಐದಾರು ಜನ. ಕಾಲಡಿಯಲ್ಲಿ ಕಪ್ಪು ಪುಡಿಗಲ್ಲು. ಎರಡು ಹೆಜ್ಜೆ ಏರಿದರೆ ಒಂದು ಹೆಜ್ಜೆ ಹಿಂದಕ್ಕೆ ಜಾರುತ್ತಿತ್ತು. ಎತ್ತರ 1717 ಮೀಟರ್, ಅಂದರೆ ನಮ್ಮ ಮುಳ್ಳಯ್ಯನಗಿರಿಗಿಂತ ಇನ್ನೂರು ಮೀಟರ್ ಗಿಡ್ಡ. ಆದರೆ ಬಾತೂರ್ ಇನ್ನೂ ಉಸಿರಾಡುವ ಬೆಟ್ಟ. 1926ರಲ್ಲಿ ಅದು ಕಾರಿದ ಲಾವಾ ಬುಡದಲ್ಲಿದ್ದ ಊರನ್ನೂ ಊರ ದೇವಸ್ಥಾನವನ್ನೂ ನುಂಗಿತು. ಜನ ದೇವರನ್ನು ಹೊತ್ತುಕೊಂಡು ಮೇಲಿನ ಅಂಚಿಗೆ ಹೋಗಿ ಹೊಸ ಊರು ಕಟ್ಟಿಕೊಂಡರು. ಕೊನೆಯ ಸಲ ಅದು ಕಾರಿದ್ದು 2000ದಲ್ಲಿ.

ತುದಿ ಮುಟ್ಟಿದಾಗ ಇನ್ನೂ ನಸುಗತ್ತಲು. ಗೈಡ್ ಒಂದು ಬಿರುಕಿನ ಬಾಯಿಯಲ್ಲಿ ಮೊಟ್ಟೆ, ಬಾಳೆಹಣ್ಣು ಇಟ್ಟು ಮೇಲೆ ಹುಲ್ಲು ಮುಚ್ಚಿದ. ಸ್ವಲ್ಪ ಹೊತ್ತಿನಲ್ಲಿ ಬೆಂದ ಮೊಟ್ಟೆ ಕೈಗೆ ಬಂತು. ಒಲೆ ಇಲ್ಲ, ಸೌದೆ ಇಲ್ಲ, ನೆಲದ ಹಬೆಯೊಂದೇ. ಈ ಏರಾಟಕ್ಕೆ ಬೆಳಗಿನ ಜಾವವನ್ನೇ ಆರಿಸಿಕೊಳ್ಳುವುದಕ್ಕೆ ಸೂರ್ಯೋದಯದ ಚೆಲುವೊಂದೇ ಕಾರಣವಲ್ಲ. ತಂಪು ಗಾಳಿಯಲ್ಲಿ ಹಬೆ ಬೇಗ ಹನಿಗಟ್ಟಿ ಬೆಳ್ಳಗೆ ಕಾಣುತ್ತದೆ. ಬಿಸಿಲೇರಿದ ಮೇಲೆ ಅದೇ ಬಿರುಕು ಅಷ್ಟೇ ಹಬೆ ಉಗುಳಿದರೂ ಕಣ್ಣಿಗೆ ಬೀಳುವುದು ಕಡಿಮೆ. ಮೋಡಗಳೂ ಹೊತ್ತೇರಿದಂತೆ ಬೆಟ್ಟಕ್ಕೆ ಕವಿದುಕೊಳ್ಳುತ್ತವೆ.

ಮೊಟ್ಟೆ ಸುಲಿಯುತ್ತ ಗೈಡ್ ಕೇಳಿದ: ‘ನಿಮ್ಮ ಊರಿನಲ್ಲಿ ಜ್ವಾಲಾಮುಖಿ ಇದೆಯಾ?’

‘ಇಲ್ಲ’ ಅಂದೆ. ‘ನಮ್ಮದು ದಾವಣಗೆರೆ. ಮೆಕ್ಕೆಜೋಳ, ಅಡಿಕೆ, ಹತ್ತಿಯ ಸೀಮೆ. ಗಟ್ಟಿ ನೆಲ.’

ಗಟ್ಟಿ ನೆಲ ಅಂದದ್ದು ಸರಿ. ಇಲ್ಲ ಅಂದದ್ದು ಅರ್ಧ ಮಾತ್ರ ಸರಿ. ಆ ಉಳಿದರ್ಧ ಈ ಅಧ್ಯಾಯದ ವಿಷಯ.

ಚನ್ನಗಿರಿ ತಾಲ್ಲೂಕಿನಲ್ಲಿ ಬಸವಾಪಟ್ಟಣದ ಕಡೆ ದಾಗಿನಕಟ್ಟೆ ಎಂಬ ಊರಿದೆ. ನಮ್ಮ ಜಿಲ್ಲೆಯಲ್ಲೇ ಎಷ್ಟೋ ಜನ ಅದರ ಹೆಸರು ಕೇಳಿರಲಿಕ್ಕಿಲ್ಲ. ಆದರೆ ಭೂಮಿಯ ಬಾಲ್ಯವನ್ನು ಓದುವ ವಿಜ್ಞಾನಿಗಳಿಗೆ ಅದು ಗೊತ್ತು. ಧಾರವಾಡ ಶಿಲಾಸಮೂಹದ ಒಂದು ಇಡೀ ಪದರಮಾಲೆಗೆ ‘ದಾಗಿನಕಟ್ಟೆ ಫಾರ್ಮೇಶನ್’ ಎಂದೇ ಹೆಸರು. ಒಂದು ಕಾಲದ ಕಲ್ಲನ್ನು ಅದು ಚೆನ್ನಾಗಿ ಕಾಣುವ ಊರಿನ ಹೆಸರಿನಿಂದ ಕರೆಯುವುದು ಭೂವಿಜ್ಞಾನದ ರೂಢಿ. ಆ ಮಾಲೆಯಲ್ಲಿ ಮಣ್ಣು, ಮರಳು ಗಟ್ಟಿಯಾದ ಪದರಗಳಿವೆ. ಅವುಗಳ ನಡುವೆ ಜ್ವಾಲಾಮುಖಿ ಕಾರಿದ ಲಾವಾ ಮತ್ತು ಬೂದಿಯಿಂದಾದ ಪದರಗಳೂ ಇವೆ.

ಅವುಗಳ ವಯಸ್ಸು ಗೊತ್ತಾದದ್ದು ಬರಿಗಣ್ಣಿಗೆ ಹೆಚ್ಚುಕಡಿಮೆ ಕಾಣದ ಒಂದು ಹರಳಿನಿಂದ. ಜಿರ್ಕಾನ್ ಎಂದು ಅದರ ಹೆಸರು. ಇಂಥ ಕಲ್ಲಿನಲ್ಲಿ ಅದರ ಉದ್ದ ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು. ಶಿಲಾರಸ ತಣಿಯುವಾಗ ಹುಟ್ಟುವ ಈ ಹರಳು ತನ್ನ ಮೈಯೊಳಗೆ ಯುರೇನಿಯಂ ಪರಮಾಣುಗಳಿಗೆ ಜಾಗ ಕೊಡುತ್ತದೆ, ಸೀಸವನ್ನು ಹೊರಗೇ ಇಡುತ್ತದೆ. ಇಲ್ಲಿಂದ ಗಡಿಯಾರ ಶುರು. ಯುರೇನಿಯಂ ತನ್ನದೇ ಲೆಕ್ಕಾಚಾರದಲ್ಲಿ, ಬೆಂಕಿಗೂ ನೀರಿಗೂ ಜಗ್ಗದೆ, ಸೀಸವಾಗುತ್ತ ಹೋಗುತ್ತದೆ. ಆದ್ದರಿಂದ ಈಗ ಆ ಹರಳಿನೊಳಗೆ ಸೀಸ ಸಿಕ್ಕರೆ ಅದೆಲ್ಲ ಒಳಗೇ ಹುಟ್ಟಿದ್ದು. ಯುರೇನಿಯಂ 238 ಅರ್ಧದಷ್ಟಾಗಲು 447 ಕೋಟಿ ವರ್ಷ ಬೇಕು. ಯುರೇನಿಯಂ 235ಕ್ಕೆ ಸುಮಾರು 70 ಕೋಟಿ ವರ್ಷ ಸಾಕು. ಒಂದೇ ಹರಳಿನೊಳಗೆ ಬೇರೆ ಬೇರೆ ವೇಗದ ಎರಡು ಗಡಿಯಾರ. ಎರಡೂ ಒಂದೇ ಸಮಯ ತೋರಿಸಿದರೆ ಆ ಉತ್ತರವನ್ನು ನಂಬಬಹುದು. ಇಷ್ಟು ಸಣ್ಣ ಹರಳಿನೊಳಗೂ ಒಂದು ಚುಕ್ಕೆಯಷ್ಟು ಜಾಗವನ್ನು ಅಯಾನುಗಳ ಕಿರಣದಿಂದ ಕೆದಕಿ ಪರಮಾಣುಗಳನ್ನು ಎಣಿಸುವ ಯಂತ್ರವನ್ನು ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ರೂಪಿಸಿದರು. ‘ಶ್ರಿಂಪ್’ ಎಂದು ಅದರ ಅಡ್ಡಹೆಸರು. ಸಿಗಡಿಯ ಹೆಸರು ಹೊತ್ತ ಆ ಯಂತ್ರ ಒಂದು ಇಡೀ ಕೋಣೆ ತುಂಬುತ್ತದೆ.

1996ರಲ್ಲಿ ಅಲೆನ್ ನಟ್‌ಮನ್, ಬ್ರಿಯಾನ್ ಚಾಡ್‌ವಿಕ್, ಬಿ. ಕೃಷ್ಣರಾವ್, ವಿ.ಎನ್. ವಾಸುದೇವ್ ಸೇರಿ ಪ್ರಕಟಿಸಿದ ಅಧ್ಯಯನ ದಾಗಿನಕಟ್ಟೆಯ ಜ್ವಾಲಾಮುಖಿ ಶಿಲೆಗೆ 261 ಕೋಟಿ 40 ಲಕ್ಷ ವರ್ಷ ಎಂದಿತು. ಹೆಚ್ಚುಕಡಿಮೆ 80 ಲಕ್ಷ. ಮರುವರ್ಷ ಅಲೆಕ್ ಟ್ರೆಂಡಾಲ್ ಮತ್ತು ಸಂಗಡಿಗರಿಗೆ ಸಿಕ್ಕ ಉತ್ತರ 260 ಕೋಟಿ 10 ಲಕ್ಷ. ಹೆಚ್ಚುಕಡಿಮೆ 60 ಲಕ್ಷ. ಎರಡು ತಂಡ, ಎರಡು ಲೆಕ್ಕ, ಆದರೂ ಒಂದರ ಅಂಚು ಇನ್ನೊಂದರ ಅಂಚನ್ನು ಮುಟ್ಟುತ್ತದೆ. ಇಷ್ಟು ಹಿಂದಿನ ಕಾಲವನ್ನು ಅಷ್ಟು ಹತ್ತಿರದಿಂದ ಹಿಡಿದದ್ದು ನನಗೆ ಇವತ್ತಿಗೂ ಮೈ ಜುಮ್ಮೆನಿಸುವ ಸಂಗತಿ.

260 ಕೋಟಿ ಎಂದರೆ ಬಾಯಿಗೆ ಬರುವ ಸಂಖ್ಯೆ, ಮನಸ್ಸಿಗೆ ಬರುವುದಿಲ್ಲ. ಹರಿಹರದಿಂದ ದಾವಣಗೆರೆಗೆ ಬರುವ ರಸ್ತೆಯನ್ನು ನೆನಪಿಸಿಕೊಳ್ಳಿ, ಸುಮಾರು 14 ಕಿಲೋಮೀಟರ್. ಹರಿಹರದಲ್ಲಿ ಆ ಜ್ವಾಲಾಮುಖಿ ಕಾರಿತು, ದಾವಣಗೆರೆ ಮುಟ್ಟುವಾಗ ಇವತ್ತು ಎಂದಿಟ್ಟುಕೊಳ್ಳೋಣ. ಡೈನೊಸಾರ್‌ಗಳು ಅಳಿದದ್ದು ದಾವಣಗೆರೆಗೆ ಇನ್ನು 355 ಮೀಟರ್ ಇದೆ ಎನ್ನುವಾಗ. ನಮ್ಮಂಥ ಮನುಷ್ಯ ಹುಟ್ಟಿದ್ದು ಕೊನೆಯ ಒಂದೂವರೆ ಮೀಟರಿನ ಆಸುಪಾಸಿನಲ್ಲಿ, ಒಂದು ದೊಡ್ಡ ಹೆಜ್ಜೆ ಅಷ್ಟೆ. ಹೊಯ್ಸಳರ ಕಾಲದ ಹರಿಹರೇಶ್ವರ ದೇವಸ್ಥಾನಕ್ಕೆ ಎಂಟುನೂರು ವರ್ಷ. ಈ ರಸ್ತೆಯಲ್ಲಿ ಅದು ನಾಲ್ಕು ಮಿಲಿಮೀಟರ್, ಒಂದು ಜೋಳದ ಕಾಳು.

ಹಾಗಾದರೆ ಜ್ವಾಲಾಮುಖಿಯ ಬೆಟ್ಟ ಎಲ್ಲಿ, ಬಾಯಿ ಎಲ್ಲಿ? ಇಲ್ಲ, ಇರುವ ಹಾಗೂ ಇಲ್ಲ. ನೂರು ವರ್ಷಕ್ಕೆ ಒಂದೇ ಒಂದು ಮಿಲಿಮೀಟರ್ ನೆಲ ಸವೆಯಿತೆಂದು ಲೆಕ್ಕ ಹಿಡಿದರೂ 260 ಕೋಟಿ ವರ್ಷಕ್ಕೆ 26 ಕಿಲೋಮೀಟರ್ ಸವೆಯಬೇಕು. ಎಂಥ ಪರ್ವತವೂ ಅಷ್ಟು ಎತ್ತರ ಇರುವುದಿಲ್ಲ. ನೆಲ ಒಂದೇ ಸಮನೆ ಸವೆಯುವುದೂ ಇಲ್ಲ. ಆ ಪದರಗಳು ಹೂತವು, ಬಿಸಿಯಾದವು, ಅಕ್ಕಪಕ್ಕದಿಂದ ಒತ್ತಿಸಿಕೊಂಡು ಮಡಚಿ ನೆಟ್ಟಗೆ ನಿಂತವು, ಮತ್ತೆ ಮೇಲೆದ್ದು ಸವೆದವು. ಈಗ ನಾವು ಏರುವ ಗುಡ್ಡ ಆ ಕಾಲದ ಬೆಟ್ಟವಲ್ಲ. ಆ ಬೆಟ್ಟ ಕಾರಿದ್ದರಲ್ಲಿ ಗಟ್ಟಿಯಾಗಿ ಉಳಿದ ಭಾಗ, ಸುತ್ತಲಿನ ಮೆದು ಕಲ್ಲು ಕೊಚ್ಚಿ ಹೋದ ಮೇಲೆ ಎದ್ದು ಕಾಣುತ್ತಿದೆ.

ಜ್ವಾಲಾಮುಖಿ ಎಂದರೆ ಎಲ್ಲ ಒಂದೇ ಸ್ವಭಾವದವಲ್ಲ. ಇದನ್ನು ದಾವಣಗೆರೆಯವರಿಗೆ ಹೇಳುವುದು ಸುಲಭ, ಹಿಟ್ಟಿನ ಗುಣ ನಮಗೆ ಗೊತ್ತು. ನೀರುದೋಸೆಯ ಹಿಟ್ಟು ಕಾವಲಿಗೆ ಬಿದ್ದ ಕೂಡಲೇ ತಾನಾಗಿ ಹರಿದು ಹರಡುತ್ತದೆ. ಬೆಣ್ಣೆದೋಸೆಯ ಹಿಟ್ಟು ಮಂದ. ಸೌಟಿನಿಂದ ಸವರಿದಷ್ಟಕ್ಕೇ ನಿಲ್ಲುತ್ತದೆ, ಒಳಗಿನ ಗಾಳಿ ಮೇಲೆ ಬರಲು ಹೆಣಗಿ ತೂತು ತೂತಾಗಿ ಒಡೆಯುತ್ತದೆ. ಶಿಲಾರಸದಲ್ಲಿ ಈ ಮಂದತನ ಕೊಡುವುದು ಸಿಲಿಕ. ನೂರಕ್ಕೆ ಐವತ್ತರಷ್ಟು ಸಿಲಿಕ ಇದ್ದರೆ ಅದು ಬಸಾಲ್ಟ್, 1100 ಡಿಗ್ರಿಗಿಂತ ಹೆಚ್ಚು ಬಿಸಿಯಲ್ಲಿ ತೆಳ್ಳಗೆ ಹರಿಯುತ್ತದೆ. ಎಪ್ಪತ್ತರ ಮೇಲೆ ಹೋದರೆ ರಯೋಲೈಟ್, ಅಂಟು. ಒಳಗಿನ ಹಬೆ ಹೊರಬರಲು ದಾರಿ ಸಿಗದೆ ಒತ್ತಡ ಏರಿ ಏರಿ ಕೊನೆಗೆ ಸಿಡಿಯುತ್ತದೆ, ಕಲ್ಲು ಪುಡಿಪುಡಿಯಾಗಿ ಬೂದಿಯಾಗಿ ಆಕಾಶಕ್ಕೆ ಹಾರುತ್ತದೆ. ದಾಗಿನಕಟ್ಟೆಯಲ್ಲಿ ವಯಸ್ಸು ಅಳೆದದ್ದು ಸಿಲಿಕ ಹೆಚ್ಚಿರುವ ಈ ಜಾತಿಯ ಕಲ್ಲಿನಲ್ಲಿ. ಜಿರ್ಕಾನ್ ಚೆನ್ನಾಗಿ ಬೆಳೆಯುವುದೂ ಇಂಥ ಕಲ್ಲಿನಲ್ಲೇ.

ತೆಳು ಹಿಟ್ಟಿನ ನಮೂನೆ ನೋಡಬೇಕಾದರೆ ದಾವಣಗೆರೆಯಿಂದ ಬೆಂಗಳೂರಿಗೆ ಹೋಗುವಾಗ ಚಿತ್ರದುರ್ಗ ದಾಟಿ ಐಮಂಗಲದ ಹತ್ತಿರ ಮರಡಿಹಳ್ಳಿಗೆ ತಿರುಗಬೇಕು. ಅಲ್ಲಿನ ಬಂಡೆಗಳು ದಿಂಬು ಒಟ್ಟಿದ ಹಾಗಿವೆ. ಲಾವಾ ನೀರಿನೊಳಗೆ ಹೊರಬಂದಾಗ ಹೊರಮೈ ಥಟ್ಟನೆ ಹೆಪ್ಪುಗಟ್ಟಿ ಚೀಲವಾಗುತ್ತದೆ. ಒಳಗಿನ ಬಿಸಿ ರಸ ಚೀಲ ಹರಿದು ಮುಂದೆ ಇನ್ನೊಂದು ಚೀಲ ಕಟ್ಟುತ್ತದೆ. ಹಾಗಾಗಿ ದಿಂಬು ಕಂಡಲ್ಲಿ ಒಂದು ಕಾಲಕ್ಕೆ ನೀರಿತ್ತು ಎಂದು ಕಣ್ಣು ಮುಚ್ಚಿ ಹೇಳಬಹುದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಆ ಜಾಗವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ. ನಮ್ಮ ಊರಿನ ಬಸ್ಸುಗಳು ದಿನವೂ ಆ ಕಡೆಯಿಂದಲೇ ಹಾದುಹೋಗುತ್ತವೆ. ಕಿಟಕಿಯ ಪಕ್ಕ ಕೂತವರಿಗೆ ಯಾರಾದರೂ ಇದನ್ನು ಹೇಳಬಾರದೇ ಎಂದು ಪ್ರತಿ ಸಲ ಅನ್ನಿಸುತ್ತದೆ.

ವಾರಾಂತ್ಯಕ್ಕೆ ಸೂರ್ಯೋದಯ ನೋಡಲು ಮುಳ್ಳಯ್ಯನಗಿರಿಗೆ ಜೀಪು ಹಿಡಿಯುವ ಹುಡುಗರಿಗೂ ಇದೇ ಮಾತು. ಅಲ್ಲಿನ ಕಬ್ಬಿಣದ ಅದಿರಿನ ಪದರಗಳ ಬುಡದಲ್ಲಿ ಜ್ವಾಲಾಮುಖಿ ಬೂದಿಯ ಪದರವಿದೆ, ವಯಸ್ಸು ಸುಮಾರು 272 ಕೋಟಿ ವರ್ಷ. ಆ ಬೆಟ್ಟಕ್ಕೆ ನಸುಕಿನಲ್ಲಿ ನಡೆಯುವವರು ಹಳೆಯ ಜ್ವಾಲಾಮುಖಿಗಳ ಸೀಮೆಯನ್ನೇ ಏರುತ್ತಿದ್ದಾರೆ.

ಇದೆಲ್ಲ ಬೆಂಕಿಯ ಕಲ್ಲೋ ನೀರಿನ ಕಲ್ಲೋ ಎಂಬುದು ಒಂದು ಕಾಲಕ್ಕೆ ದೊಡ್ಡ ಜಗಳ. ಈ ಶಿಲೆಗಳಿಗೆ ಧಾರವಾಡದ ಹೆಸರಿಟ್ಟವರು ಹತ್ತೊಂಬತ್ತನೇ ಶತಮಾನದ ಕೊನೆಗೆ ರಾಬರ್ಟ್ ಬ್ರೂಸ್ ಫೂಟ್. ಆಮೇಲೆ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯನ್ನು ನಡೆಸಿದ ಡಬ್ಲ್ಯು.ಎಫ್. ಸ್ಮೀತ್ ಅವರಿಗೆ ಧಾರವಾಡ ಶಿಲೆಗಳೆಲ್ಲ ಅಗ್ನಿಜನ್ಯವೆಂದೇ ಕಂಡವು. ಅದೇ ಇಲಾಖೆಯ ಬಿ. ರಾಮರಾವ್ ಊರೂರು ತಿರುಗಿ, ಕಲ್ಲು ಕಲ್ಲು ನೋಡಿ, ಇವುಗಳಲ್ಲಿ ಬಹಳಷ್ಟು ನೀರಿನಡಿ ಕೂತ ಮರಳು, ಕೆಸರು ಎಂದು ತೋರಿಸಿದರು. ನನಗೆ ಇಬ್ಬರ ಮೇಲೂ ಗೌರವ. ಮಡಚಿ, ಬೆಂದು, ಹಸಿರುಗಟ್ಟಿದ ಕಲ್ಲಿನಲ್ಲಿ ಬೂದಿ ಯಾವುದು, ಕೆಸರು ಯಾವುದು ಎಂದು ಬರಿಗಣ್ಣಿನಲ್ಲಿ ಹೇಳುವುದು ಎಷ್ಟು ಕಷ್ಟ ಎಂಬುದು ಸ್ಥಳಕ್ಕೆ ಹೋದ ಮೇಲೇ ತಿಳಿಯುವುದು.

ದಾಗಿನಕಟ್ಟೆಗೆ ನಾನು ಹೋದದ್ದು ಒಂದು ಜನವರಿಯಲ್ಲಿ. ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸಿ ನಿವೃತ್ತರಾದ ಮೇಷ್ಟ್ರೊಬ್ಬರು ‘ಬರುವುದಾದರೆ ಕತ್ತಲಿದ್ದಾಗಲೇ ಹೊರಡಬೇಕು, ಹತ್ತು ಗಂಟೆಗೆ ಹೋದರೆ ಏನೂ ಕಾಣುವುದಿಲ್ಲ’ ಎಂದಿದ್ದರು. ದಾವಣಗೆರೆಯಿಂದ ನಾಲ್ಕೂವರೆಗೆ ಬಿಟ್ಟೆವು. ಮಂಡಕ್ಕಿ ಭಟ್ಟಿಗಳ ಕಡೆಯಿಂದ ಹೊಗೆಯ ವಾಸನೆ. ಆಮೇಲೆ ಕಾಲುವೆ, ಗದ್ದೆ, ಕತ್ತಲಲ್ಲಿ ಗೋಡೆಯಂತೆ ನಿಂತ ಅಡಿಕೆ ತೋಟಗಳು. ಊರಿನಲ್ಲಿ ಕುರಿ ಕಾಯುವ ಯಜಮಾನರೊಬ್ಬರು ದಾರಿ ತೋರಿಸಲು ಒಪ್ಪಿ ಕಾಯುತ್ತಿದ್ದರು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ‘ಗದ್ದಲ ಮಾಡ್ಕೊಂತ ಬರ್ರಿ, ಕರಡಿ ಇದ್ರ ದೂರ ಹೋಗ್ತಾವ’ ಅಂದರು. ಬಾತೂರಿನ ಗೈಡ್ ಹಬೆಯ ಬಿರುಕು ತುಳಿಯದಂತೆ ಎಚ್ಚರಿಸಿದ್ದ, ಇವರದು ಕರಡಿಯ ಎಚ್ಚರ. ಎರಡೂ ಕಡೆ ಮುಂದಿನವರ ಹೆಜ್ಜೆಯಲ್ಲೇ ಹೆಜ್ಜೆ ಇಡುವುದು ನನ್ನ ಕೆಲಸ.

ಏರಿದ್ದು ದೊಡ್ಡ ಗುಡ್ಡವೇನಲ್ಲ, ಅರ್ಧ ಗಂಟೆಯ ಹಾದಿ. ಬಾದೆಹುಲ್ಲು, ಕಾರೆಗಿಡ, ನಡುನಡುವೆ ನೆಲದಿಂದ ಬೆನ್ನು ಮಾತ್ರ ತೋರುವ ಬಂಡೆ. ಟಾರ್ಚ್ ಬೆಳಕಿಗೆ ಎಲ್ಲ ಒಂದೇ ಬೂದು ಬಣ್ಣ. ಮೂಡಣ ಕೆಂಪಾಗುವ ಹೊತ್ತಿಗೆ ಮೇಷ್ಟ್ರು ಒಂದು ಬಂಡೆಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತು, ಬಾಟಲಿಯ ನೀರನ್ನು ಅದರ ಮೇಲೆ ಸುರಿದು ಅಂಗೈಯಿಂದ ಒರೆಸಿದರು. ‘ಈಗ ಸುಮ್ಮನೆ ಕಾಯಿರಿ’ ಅಂದರು.

ಏಳು ಗಂಟೆಗೆ ಹತ್ತು ನಿಮಿಷ ಇರುವಾಗ ಸೂರ್ಯನ ಅಂಚು ಕಂಡಿತು. ನೆಲದ ಮಟ್ಟದಲ್ಲಿ ಓರೆಯಾಗಿ ಬಂದ ಬೆಳಕು ಬಂಡೆಯ ಮೈಯನ್ನು ಸವರಿಕೊಂಡು ಹೋಯಿತು. ಗೋಡೆಗೆ ದೀಪ ಹತ್ತಿರ ಹಿಡಿದರೆ ಗಾರೆಯ ಉಬ್ಬುತಗ್ಗು ಎದ್ದು ಕಾಣುತ್ತದಲ್ಲ, ಹಾಗೆ. ಹೊಸದಾಗಿ ಸಿಕ್ಕ ಶಾಸನವನ್ನು ಓದುವವರೂ ಓರೆ ಬೆಳಕಿಗೇ ಕಾಯುತ್ತಾರೆ. ಒಂದು ಕ್ಷಣದ ಹಿಂದೆ ನುಣ್ಣಗಿದ್ದ ಕಲ್ಲಿನಲ್ಲಿ ತೆಳು ಗೆರೆಗಳು ಒಂದರ ಪಕ್ಕ ಒಂದು ನಿಂತವು. ಕೆಲವು ಎಳೆಯಂತೆ, ಕೆಲವು ಬೆರಳಗಲ. ಗೆರೆಗಳ ನಡುವೆ ಸಾಸಿವೆ ಕಾಳಿನಷ್ಟು, ಅಲ್ಲೊಂದು ಇಲ್ಲೊಂದು ಮೆಣಸಿನ ಕಾಳಿನಷ್ಟು ಗಾಜಿನಂಥ ಬೂದು ಕಣ್ಣುಗಳು ಮಿನುಗಿದವು. ಪ್ರತಿ ಕಣ್ಣಿನ ಹಿಂದೆ ಚಿಕ್ಕ ನೆರಳು.

ಆ ಕಣ್ಣುಗಳು ಬೆಣಚಿನ ಹರಳು. ಸಕ್ಕರೆ ಪಾಕವನ್ನು ವಾರಗಟ್ಟಲೆ ನಿಧಾನವಾಗಿ ಆರಲು ಬಿಟ್ಟರೆ ಕಲ್ಲುಸಕ್ಕರೆಯ ದೊಡ್ಡ ಹರಳು ಕಟ್ಟುತ್ತದೆ. ಅದೇ ಪಾಕವನ್ನು ಬೇಗ ಆರಿಸಿದರೆ ನುಣುಪು ಪುಡಿ. ಈ ಕಲ್ಲಿನಲ್ಲಿ ಎರಡೂ ಒಟ್ಟಿಗಿವೆ. ದೊಡ್ಡ ಹರಳುಗಳು ನೆಲದಾಳದ ಕೊಠಡಿಯಲ್ಲಿ ಸಾವಧಾನವಾಗಿ ಬೆಳೆದವು; ಆಮೇಲೆ ಒಂದು ದಿನ ಶಿಲಾರಸ ಮೇಲಕ್ಕೆ ನುಗ್ಗಿತು, ಸುತ್ತಲಿನ ರಸಕ್ಕೆ ಹರಳು ಕಟ್ಟುವಷ್ಟು ಪುರುಸೊತ್ತು ಸಿಗಲಿಲ್ಲ. ನಾನು ಬೆರಳಿನಿಂದ ಮುಟ್ಟಿದ್ದು ಆ ಎರಡರ ನಡುವಿನ ಗಡಿಯನ್ನು.

‘ಇದು ಕಾರಿದ ಕಲ್ಲು’ ಅಂದರು ಮೇಷ್ಟ್ರು. ಸುತ್ತಿಗೆ ಅವರ ಚೀಲದಲ್ಲೇ ಇತ್ತು, ಹೊರಗೆ ತೆಗೆಯಲಿಲ್ಲ. ಒಡೆದು ನೋಡುವ ಆಸೆ ಎಲ್ಲರಿಗೂ ಆಗುತ್ತದೆ, ಹಾಗೆ ಒಡೆದೇ ಎಷ್ಟೋ ಒಳ್ಳೆಯ ಜಾಗಗಳು ಹಾಳಾಗಿವೆ ಎಂಬುದು ಅವರ ಸಂಕಟ. ಯಜಮಾನರು ಬಗ್ಗಿ ನೋಡಿ, ‘ಇದ್ರ ಮ್ಯಾಲ ಕುಂತು ಬುತ್ತಿ ಉಂಡೀನಿ ನಲವತ್ತು ವರ್ಷ’ ಅಂದು ಆ ಕಣ್ಣುಗಳ ಮೇಲೆ ಒಮ್ಮೆ ಕೈಯಾಡಿಸಿದರು.

ಆ ಬೂದಿ ಉದುರಿದ ಕಾಲದಲ್ಲೂ ಸೂರ್ಯ ಹುಟ್ಟಿದ್ದ. ಆದರೆ ಅವನು ಇವತ್ತಿಗಿಂತ ಸುಮಾರು ಐದನೇ ಒಂದು ಪಾಲು ಮಂಕು. ಭೂಮಿ ಬೇಗ ಬೇಗ ತಿರುಗುತ್ತಿತ್ತು, ದಿನಕ್ಕೆ ಇಪ್ಪತ್ತು ಗಂಟೆಯೂ ಇರಲಿಲ್ಲ. ಈಗ ಸೂರ್ಯನ ಬಿಂಬ ಪೂರ್ತಿ ಮೇಲೆ ಬರಲು ಎರಡು ನಿಮಿಷಕ್ಕಿಂತ ತುಸು ಹೆಚ್ಚು ಹಿಡಿಯುತ್ತದೆ. ಆಗ ಎರಡು ನಿಮಿಷವೂ ಬೇಕಿರಲಿಲ್ಲ. ಚಂದ್ರ ಹತ್ತಿರವಿದ್ದ, ದೊಡ್ಡದಾಗಿ ಕಾಣುತ್ತಿದ್ದ. ಗಾಳಿಯಲ್ಲಿ ನಾವು ಉಸಿರಾಡುವಷ್ಟು ಆಮ್ಲಜನಕ ಇರಲಿಲ್ಲ. ಹುಲ್ಲಿಲ್ಲ, ಹಕ್ಕಿಯಿಲ್ಲ. ಆದರೆ ಜೀವ ಇತ್ತು: ಶಿವಮೊಗ್ಗದ ಕುಂಸಿಯ ಕಡೆ, ಚಿತ್ರದುರ್ಗದ ಭೀಮಸಮುದ್ರದ ಕಡೆ, ಸೂಕ್ಷ್ಮಜೀವಿಗಳು ಆಳವಿಲ್ಲದ ನೀರಿನಲ್ಲಿ ಪದರ ಪದರವಾಗಿ ಕಟ್ಟಿದ ಸುಣ್ಣದ ಗುಪ್ಪೆಗಳು ಇದೇ ಧಾರವಾಡ ಶಿಲೆಗಳಲ್ಲಿ ಉಳಿದಿವೆ. ಮುಂದೆ ಭೂಮಿಯ ಗಾಳಿಗೆ ಆಮ್ಲಜನಕ ತುಂಬಿದ್ದು ಇಂಥ ನೀರಿನಲ್ಲಿದ್ದ ಜೀವಿಗಳ ಸಂತತಿ.

ಎಂಟೂವರೆಯಾಯಿತು. ಬಿಸಿಲು ಮೇಲೇರಿದಂತೆ ಬಂಡೆಯ ಮೇಲಿನ ನೆರಳುಗಳು ಗಿಡ್ಡವಾದವು, ಗೆರೆಗಳು ಒಂದೊಂದಾಗಿ ಒಳಕ್ಕೆ ಹೋದವು. ಮೇಷ್ಟ್ರು ಹತ್ತು ಗಂಟೆಯ ಮಾತು ಯಾಕೆ ಹೇಳಿದರೆಂದು ಈಗ ಅರ್ಥವಾಯಿತು. ಕೆಳಗೆ ಇಳಿಯುವಾಗ ನೋಡಿದರೆ ನಾವು ಬಂದ ದಾರಿಯುದ್ದಕ್ಕೂ ಅದೇ ಕಲ್ಲು ಇತ್ತು, ಮೂಕವಾಗಿ.

ವಾಪಸು ಬರುವಾಗ ಸೂಳೆಕೆರೆಯ ಏರಿಯ ಮೇಲೆ ನಿಂತೆವು. ಎರಡು ಗುಡ್ಡಗಳ ನಡುವಿನ ಸಂದಿಗೆ ಅಡ್ಡ ಕಟ್ಟಿದ ಕೆರೆ ಅದು; ಕಟ್ಟಿಸಿದವಳು ಶಾಂತವ್ವ ಎಂದು ಜನ ನಂಬುತ್ತಾರೆ, ಶಾಂತಿಸಾಗರ ಎಂಬ ಹೆಸರೂ ಅವಳಿಂದಲೇ. ಅಷ್ಟು ಹಿಂದೆ ಆ ಸಂದಿಯನ್ನು ಗುರುತಿಸಿದ ಕಣ್ಣಿಗೆ ಕಲ್ಲಿನ ಓಟ ಗೊತ್ತಿತ್ತು. ಕೆರೆಯಿಂದ ಹೊರಟ ಹರಿದ್ರಾ ಹಳ್ಳ ಬಡಗಣಕ್ಕೆ ಹರಿದು ಹರಿಹರದಲ್ಲಿ ತುಂಗಭದ್ರೆ ಸೇರುತ್ತದೆ. ನಾವೂ ಅದೇ ದಿಕ್ಕು ಹಿಡಿದೆವು.

ಹರಿಹರೇಶ್ವರನ ಗುಡಿ ಕಟ್ಟಿಸಿದ್ದು 1224ರಲ್ಲಿ, ಹೊಯ್ಸಳ ಎರಡನೇ ನರಸಿಂಹನ ದಂಡನಾಯಕ ಪೋಲಾಳ್ವ. ಒಳಗಿನ ಕಂಬಗಳು ತಿರುಗಣಿಗೆ ಕೊಟ್ಟು ಕಡೆದವು. ಮೈ ಎಷ್ಟು ನುಣುಪು ಎಂದರೆ ಹತ್ತಿರ ಹೋದವರ ನೆರಳು ಒಳಗೆ ಕಾಣುತ್ತದೆ. 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಲೇಥ್ ಯಂತ್ರ ತಯಾರಿಸಲು ಇದೇ ಊರಿಗೆ ಬಂತು. ಕಡೆಯುವ ಕೆಲಸ ಹರಿಹರಕ್ಕೆ ಎಂಟುನೂರು ವರ್ಷದ ಪರಿಚಯ.

ಗುಡಿಯ ಈ ಕಲ್ಲು ಇಷ್ಟು ಸುಲಭವಾಗಿ ಉಳಿಗೆ ಬಗ್ಗುವುದಕ್ಕೆ ಕಾರಣ ಅದು ಬಳಪದ ಕಲ್ಲು. ಮೆಗ್ನೀಷಿಯಂ ಹೆಚ್ಚಿರುವ ಕಪ್ಪು ಅಗ್ನಿಶಿಲೆ ನೆಲದಾಳದಲ್ಲಿ ಬಿಸಿನೀರು ಕುಡಿದು ಮೆತ್ತಗಾದರೆ ಬಳಪದ ಕಲ್ಲಾಗುತ್ತದೆ. ಇದರ ಮೂಲಶಿಲೆ ಕೆಲವೆಡೆ ನೆಲದೊಳಗೇ ಗಟ್ಟಿಯಾದದ್ದು, ಕೆಲವೆಡೆ ಲಾವಾ ಆಗಿ ಮೇಲೆ ಹರಿದದ್ದು. ಅಂಥ ಲಾವಾದ ಬಿಸಿ ಸುಮಾರು 1600 ಡಿಗ್ರಿ. ಈಗಿನ ಯಾವ ಜ್ವಾಲಾಮುಖಿಯೂ ಅಷ್ಟು ಬಿಸಿ ಕಾರುವುದಿಲ್ಲ, ಆಗಿನ ಭೂಮಿಯ ಒಡಲೇ ಅಷ್ಟು ಕಾದಿತ್ತು. ಅಷ್ಟು ಬೆಂದದ್ದು ಕೊನೆಗೆ ಉಗುರಿಗೆ ಗೀರುವಷ್ಟು ಮೆದುವಾಯಿತು.

ಮೇಷ್ಟ್ರು ಜೇಬಿನಿಂದ ಒಂದು ಬಳಪದ ತುಂಡು ತೆಗೆದರು. ಕಾಲೇಜಿನಲ್ಲಿ ಪಾಠ ಮಾಡುವಾಗ ಇಟ್ಟುಕೊಳ್ಳುತ್ತಿದ್ದುದಂತೆ, ಹಿಡಿದು ಹಿಡಿದು ಅಂಚೆಲ್ಲ ದುಂಡಾಗಿತ್ತು. ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದ ಹುಡುಗಿಯೊಬ್ಬಳು ಕೇಳಿದ್ದಕ್ಕೆ ಕೊಟ್ಟರು. ಅವಳು ಪಕ್ಕದ ಕಪ್ಪು ಕಲ್ಲಿನ ಮೇಲೆ ತನ್ನ ಹೆಸರಿನ ಮೊದಲ ಅಕ್ಷರ ಬರೆದಳು, ಕೈಯಲ್ಲಿ ಒರೆಸಿದಳು, ಬೆರಳ ತುದಿಗೆ ಅಂಟಿದ ಬಿಳಿ ಹುಡಿಯನ್ನು ಬಿಸಿಲಿಗೆ ಹಿಡಿದು ನೋಡಿದಳು.